ನಿಲ್ಲದ ಬೀಕನ್

ಆಲ್ಬಿ ಟ್ರೆನಾರ್ಡನ್‌ನ ಸಿಗ್ನಲ್ ಕುಸಿದದ್ದು ವರ್ನಾಳ ಕಣ್ಣಿಗೆ ಬಿದ್ದದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಒಂದು ಕೈಯಲ್ಲಿ ಚಹಾದ ಮಗ್ ಹಿಡಿದು ಕಂಪ್ಯೂಟರಿನ ಮುಂದೆ ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಸಿಗ್ನಲ್ಲಿನ ಬಲ ತೋರಿಸುವ, ಪ್ರತಿದಿನ ಸೊನ್ನೆಯ ಆಚೀಚೆ ಇರುತ್ತಿದ್ದ ಅಂಕಿ ಇವತ್ತು ಮೈನಸ್ ಇಪ್ಪತ್ತೆರಡಕ್ಕೆ ಇಳಿದಿತ್ತು.

ವರ್ನಾಳ ಮನೆ ಇದ್ದದ್ದು ಅಡಿಲೇಡಿನ ಪಶ್ಚಿಮಕ್ಕಿರುವ ಸ್ಪೆನ್ಸರ್ ಕೊಲ್ಲಿಯ ಈ ದಡದಲ್ಲಿ, ಟಂಬಿ ಬೇ ಊರಿನ ಹೊರಗೆ. ಆಲ್ಬಿಯದು ಆ ದಡದಲ್ಲಿ, ಕಾರ್ನಿ ಪಾಯಿಂಟ್ ಕಡೆ ಬಾರ್ಲಿ ಹೊಲಗಳ ನಡುವಿನ ಒಂಟಿ ಮನೆ. ನೀರಿನ ಮೇಲೆ ನೇರವಾಗಿ ಹೋದರೆ ಹತ್ತಿರವೇ. ರಸ್ತೆ ಹಿಡಿದರೆ ಕೊಲ್ಲಿಯನ್ನೆಲ್ಲ ಸುತ್ತಿ ಹೋಗಬೇಕು. ಇಬ್ಬರೂ ಮುಖಾಮುಖಿ ಸಿಕ್ಕದ್ದು ಮೂರೋ ನಾಲ್ಕೋ ಸಲ. ಮಿಕ್ಕ ಸ್ನೇಹವೆಲ್ಲ ರೇಡಿಯೊದಲ್ಲೇ ಬೆಳೆದದ್ದು. ವರ್ನಾ ವರ್ಷಗಟ್ಟಲೆ ಶಾಲೆಯ ಬಸ್ಸು ಓಡಿಸಿದವಳು. ಕೆಲಸ ಬಿಟ್ಟಮೇಲೆ ಕೈ ಸುಮ್ಮನಿರಲಾರದೆ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೊದ ಲೈಸೆನ್ಸ್ ತೆಗೆದುಕೊಂಡಿದ್ದಳು. ಆಲ್ಬಿ ಧಾನ್ಯ ತುಂಬಿಡುವ ಎತ್ತರದ ಸೈಲೊಗಳಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಅವನ ಜೊತೆಗಿದ್ದದ್ದು ಒಂದು ನಾಯಿ, ಒಂದು ಶೆಡ್ಡು, ಆ ಶೆಡ್ಡಿನ ತುಂಬ ತಂತಿ.

ಇಬ್ಬರಿಗೂ ಹಿಡಿದದ್ದು ಒಂದೇ ಹುಚ್ಚು. ಎಎಂ ಸ್ಟೇಷನ್ನುಗಳಿಗಿಂತಲೂ ಕೆಳಗೆ ಹವ್ಯಾಸಿಗಳಿಗೆಂದು ಬಿಟ್ಟುಕೊಟ್ಟ ಒಂದು ಕಿರಿದಾದ ಪಟ್ಟಿ ಇದೆ; ಅಲ್ಲಿಯ ಅಲೆಗಳು ಬಲು ಉದ್ದ. ಆ ಪಟ್ಟಿಯಲ್ಲಿ ಬೀಕನ್ ಇಡುವುದೇ ಅವರ ಆಟ. ಬೀಕನ್ ಅಂದರೆ ಮತ್ತೇನಲ್ಲ, ಯಂತ್ರವೊಂದು ತನ್ನಷ್ಟಕ್ಕೆ ತಾನು ಆಗಾಗ 'ನಾನು ಇಂಥವನು, ಇಂಥ ಕಡೆ ಇದ್ದೇನೆ, ನನ್ನ ಬಲ ಇಷ್ಟು' ಎಂದು ನಿಧಾನವಾಗಿ ಸಾರುತ್ತಿರುತ್ತದೆ. ಯಂತ್ರ ತಂತಿಗೆ ಎಷ್ಟೇ ತಳ್ಳಿದರೂ ಬಲ್ಬೊಂದಕ್ಕೂ ಸಾಲದಷ್ಟು ಶಕ್ತಿ ಮಾತ್ರ ಆಕಾಶಕ್ಕೆ ಹೋಗುತ್ತದೆ. ಕಿವಿಗೆ ಬರೀ ಗೊರಗೊರ ಸದ್ದು. ಆ ಗದ್ದಲದೊಳಗಿಂದ ಕಂಪ್ಯೂಟರ್ ಹೆಸರನ್ನು ಹೆಕ್ಕಿ ತೆಗೆಯುತ್ತದೆ. ಹಿಂದಿನ ಚಳಿಗಾಲದಲ್ಲಿ ಆಲ್ಬಿಯ ಹೆಸರು ಹವಾಯಿಯ ಒಬ್ಬನ ಪರದೆಯ ಮೇಲೆ ಮೂಡಿತ್ತು. ಅದಾದಮೇಲೆ ಅವನಿಗೆ ನೆಲದ ಮೇಲೆ ಕಾಲು ನಿಂತಿರಲಿಲ್ಲ.

ರಾತ್ರಿಯ ಸಿಗ್ನಲ್ ಏರುತ್ತದೆ, ಇಳಿಯುತ್ತದೆ, ಅದನ್ನು ನಂಬುವ ಹಾಗಿಲ್ಲ. ಹಗಲಿನದು ಹಾಗಲ್ಲ. ಉಪ್ಪುನೀರಿನ ಮೇಲೆ ನೇರ ಜಾರಿ ಬರುವ ಅಲೆಗೆ ಏರಿಳಿತವೇ ಇಲ್ಲ. ಹಗಲಲ್ಲಿ ಅಂಕಿ ಹೀಗೆ ಬಿದ್ದಿದೆ ಎಂದರೆ ಅಲೆ ಹಾರಿಸುವ ತಂತಿಗೇ ಏನೋ ಆಗಿದೆ. ಪೂರ್ತಿ ಹರಿದಿದ್ದರೆ ಇಷ್ಟೂ ಬರುತ್ತಿರಲಿಲ್ಲ. ಅದನ್ನು ಎತ್ತಿಹಿಡಿದ ಕಂಬ ವಾಲಿರಬೇಕು, ತಂತಿ ಬೇಲಿಯ ಮೇಲೋ ನೆಲದ ಮೇಲೋ ಬಿದ್ದಿರಬೇಕು.

ಅಷ್ಟಕ್ಕೇ ಅವಳು ಹೆದರುತ್ತಿರಲಿಲ್ಲ. ಕಂಬ ಬೀಳುವುದು ಹೊಸದೇನಲ್ಲ. ಆದರೆ ಬಿದ್ದ ಕೂಡಲೇ ಯಾರಾದರೂ ಮೊದಲು ಮಾಡುವ ಕೆಲಸ ಸ್ವಿಚ್ ಆರಿಸುವುದು. ಇಲ್ಲವಾದರೆ ಯಂತ್ರ ಸುಟ್ಟುಹೋಗುತ್ತದೆ. ಆಲ್ಬಿ ಆರಿಸಿಯಾನು ಎಂದು ಅವಳು ಕಾದಳು. ಬೀಕನ್ ಬಂತು. ಮತ್ತೆ ಬಂತು. ಪಾತ್ರೆ ತೊಳೆದು ಬಂದಳು, ಆಗಲೂ ಬಂತು.

ಫೋನು ಮಾಡಿದಳು. ಬಡಿದುಕೊಂಡು ಬಡಿದುಕೊಂಡು ನಿಂತುಹೋಯಿತು.

ಗಂಡ ಲೆಕ್ಸ್ ವರಾಂಡದಲ್ಲಿ ಮೀನಿನ ಗಾಳ ಸರಿಮಾಡುತ್ತ ಕೂತಿದ್ದ. ಹೆಂಡತಿ ಮೂರನೆಯ ಸಲ ಫೋನು ಹಿಡಿದು ಓಡಾಡಿದಾಗ ತಲೆ ಎತ್ತಿದ.

"ಏನೇ ನಿನ್ನ ಗೋಳು? ಅವನ ಬೀಕನ್ ನಿಂತುಹೋಯ್ತಾ?"

"ನಿಂತಿಲ್ಲ. ಬರ್ತಾ ಇದೆ."

"ಬರ್ತಾ ಇದ್ರೆ ಆಸಾಮಿ ಗಟ್ಟಿಮುಟ್ಟಾಗಿದಾನೆ ಅಂತ ತಾನೆ?"

"ಮಿಷನ್ ಗಟ್ಟಿಯಾಗಿದೆ ಅಂತ ಅಷ್ಟೇ, ಲೆಕ್ಸ್. ಅವನಿದ್ದಿದ್ರೆ ಇಷ್ಟೊತ್ತಿಗೆ ಆರಿಸಿರ್ತಿದ್ದ."

ಲೆಕ್ಸ್ ನಕ್ಕ. ಬಂದರೂ ಚಿಂತೆ, ಬರದಿದ್ದರೂ ಚಿಂತೆ, ಮದುವೆಯಾದ ಇಷ್ಟು ವರ್ಷದಲ್ಲಿ ತಾನು ಒಂದು ದಿನ ಮನೆಗೆ ತಡವಾಗಿ ಬಂದಾಗಲೂ ಈ ಪಾಟಿ ಒದ್ದಾಡಿದವಳಲ್ಲ ಎಂದು ಕೀಟಲೆ ಮಾಡಿದ. ಎರಡು ವಾರದ ಹಿಂದೆ ತಾನೇ ಆಲ್ಬಿಯನ್ನು ರೇಗಿಸಿದ್ದು ವರ್ನಾಳ ಎದೆಯಲ್ಲಿ ಮುಳ್ಳಾಡಿಸುತ್ತಿತ್ತು. ನಿನ್ನ ತಂತಿ ಬಟ್ಟೆ ಒಣಗಿಸೋಕೆ ಲಾಯಕ್ಕು, ಎತ್ತರಿಸೋ ಮಾರಾಯ, ಅಂದಿದ್ದಳು. ಅವನು ನಿಜವಾಗಿಯೂ ಎತ್ತರಿಸಿದ್ದ.

ಆಲ್ಬಿಯ ಪಕ್ಕದ ಹೊಲದ ಡಾರ್ಸಿ ಕಿಟ್ಟೊನ ಮೊಬೈಲ್ ನಂಬರ್ ಅವಳ ಬಳಿ ಇತ್ತು; ಯಾವತ್ತಾದರೂ ಬೇಕಾದೀತು ಎಂದು ಆಲ್ಬಿಯೇ ಕೊಟ್ಟದ್ದು. ಆ ಮನುಷ್ಯನನ್ನು ಅವಳು ಕಂಡವಳಲ್ಲ. ಬಹಳ ಹೊತ್ತು ಹಿಂದುಮುಂದು ನೋಡಿ ಕಡೆಗೆ ಮಾಡಿಯೇಬಿಟ್ಟಳು. ಅತ್ತ ಕಡೆಯಿಂದ ಕಟಾವು ಯಂತ್ರದ ಗರ್ಜನೆಯ ನಡುವೆ ಡಾರ್ಸಿಯ ದನಿ ಕೇಳಿತು.

ವರ್ನಾ ತಾನು ಯಾರೆಂದು ಹೇಳಿ, ವಿಷಯ ತಿಳಿಸಿದಳು. ಡಾರ್ಸಿ ತಾಳ್ಮೆಯಿಂದಲೇ ಕೇಳಿಸಿಕೊಂಡ. ಬೆಳಿಗ್ಗೆ ರಸ್ತೆಯಿಂದ ನೋಡಿದಾಗ ಆಲ್ಬಿಯ ವ್ಯಾನು ಮನೆಮುಂದೆಯೇ ಇತ್ತು ಅಂದ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿದೆ, ಸಂಜೆಯೊಳಗೆ ಗಾಳಿ ತಿರುಗಿ ಮಳೆ ಬರುತ್ತದೆ, ಕಡೆಯ ಹೊಲದ ಬಾರ್ಲಿ ಇನ್ನೂ ನಿಂತಿದೆ, ಮುಗಿಸಿಕೊಂಡು ಹೋಗಿ ನೋಡುತ್ತೇನೆ ಅಂದ.

"ಅವನ ರೇಡಿಯೊ ಬರ್ತಾ ಇದೆ ಅಂತ ನೀವೇ ಹೇಳ್ತೀರಲ್ಲ ಮತ್ತೆ?"

ಅದೇ ಮಾತು. ಬರ್ತಾ ಇದೆಯಲ್ಲ! ಇವರಿಗೆಲ್ಲ ಹೇಗೆ ಬಿಡಿಸಿ ಹೇಳುವುದು? ಹೊರಗೆ ಅಂಗಳದ ಹುಲ್ಲು ಬಿಸಿಲಿಗೆ ಕೆಂಡದ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡುತ್ತಿದ್ದಂತೆ ಅವಳ ಬಾಯಿಂದ ಮಾತು ತಾನಾಗಿ ಬಂತು.

"ಆ ತಂತಿ ತುದೀಲಿ ಸಾವಿರಾರು ವೋಲ್ಟ್ ಇರತ್ತೆ, ಡಾರ್ಸಿ. ಅದು ಈಗ ಒಣಹುಲ್ಲಿನ ಮೇಲೆ ಬಿದ್ದಿದೆ. ಕಿಡಿ ಹಾರಿದ್ರೆ ನಿಮ್ಮ ಹೊಲ, ಅವನ ಮನೆ, ಯಾವುದೂ ಉಳಿಯಲ್ಲ."

ಕಟಾವು ಯಂತ್ರದ ಗರ್ಜನೆ ಇಳಿದು ನಿಂತಿತು. ಡಾರ್ಸಿ ಒಂದೇ ಒಂದು ಮಾತಾಡಿದ. "ಹೊರಟೆ."

ಬೆಂಕಿ ಹತ್ತುವುದು ಖಂಡಿತವೇನೂ ಆಗಿರಲಿಲ್ಲ. ಹತ್ತಲೂಬಹುದು, ಹತ್ತದೆಯೂ ಇರಬಹುದು. ಖಂಡಿತ ಎಂಬಂತೆ ಹೇಳಿದ್ದು ಅವಳು. ಆ ಮುಜುಗರ ಅವಳನ್ನು ಬಹಳ ಹೊತ್ತು ಕಾಡಲಿಲ್ಲ, ಏಕೆಂದರೆ ಕುರ್ಚಿಯ ಮೇಲೆ ಕೂರುತ್ತಲೇ ಇನ್ನೊಂದು ನೆನಪಾಯಿತು. ತಂತಿ ಮುಟ್ಟಬೇಡ ಎಂದು ಡಾರ್ಸಿಗೆ ಹೇಳಿಯೇ ಇರಲಿಲ್ಲ. ಬೇಲಿಯ ಮೇಲೆ ಬಿದ್ದಿದ್ದರೆ ಬೇಲಿಯನ್ನೂ ಮುಟ್ಟುವ ಹಾಗಿಲ್ಲ. ರೈತ ಮನುಷ್ಯ, ಬೆಂಕಿಯ ಭಯದಲ್ಲಿ ಓಡುತ್ತಿರುವವನು, ಕಂಡ ತಂತಿಯನ್ನು ಬರಿಗೈಯಲ್ಲಿ ಎತ್ತಿ ಪಕ್ಕಕ್ಕೆ ಸರಿಸದೆ ಇರುತ್ತಾನೆಯೇ?

ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಒಬ್ಬನನ್ನು ಉಳಿಸಲು ಹೋಗಿ ಇನ್ನೊಬ್ಬನನ್ನು ಅದೇ ಗುಂಡಿಗೆ ತಳ್ಳಿದೆನಲ್ಲ ಎಂದುಕೊಳ್ಳುತ್ತ ಮೂರನೆಯ ಸಲ ನಂಬರ್ ಒತ್ತಿದಳು. ಲೆಕ್ಸ್ ಗಾಳ ಬಿಟ್ಟು ಒಳಗೆ ಬಂದಿದ್ದ. ಅವಳ ಮುಖ ನೋಡಿ ಅವನ ಕೀಟಲೆ ಅಡಗಿತ್ತು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಈಗ ಏನು ನೋಡಬೇಕು ಎಂದು ಕೇಳಿದ.

"ಅವನು ಹೋಗಿ ಸ್ವಿಚ್ ಆರಿಸಿದ್ರೆ ಇದು ನಿಲ್ಲತ್ತೆ," ಅಂದಳು ವರ್ನಾ.

"ಸರಿ, ನಿಂತ್ರೆ ಒಳ್ಳೇದು ಅನ್ನು."

"ಬೆಂಕಿ ಹತ್ತಿ ಶೆಡ್ಡು ಸುಟ್ಟರೂ ನಿಲ್ಲತ್ತೆ."

ಗಂಡಹೆಂಡಿರಿಬ್ಬರೂ ಪರದೆಯ ಮೇಲೆ ಕಣ್ಣು ನೆಟ್ಟು ಕೂತರು. ಆಲ್ಬಿಯ ಹೆಸರು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂತು, ಇನ್ನಷ್ಟು ಕುಗ್ಗಿ. ಮೂರನೆಯ ಸರದಿಗೆ ಆ ಸಾಲು ಖಾಲಿ ಉಳಿಯಿತು. ಅದರ ಮುಂದಿನದೂ ಖಾಲಿ. ವರ್ನಾ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಳು. ಫೋನು ಪಕ್ಕದಲ್ಲೇ ಇತ್ತು. ಅದನ್ನು ಮುಟ್ಟುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಅದು ಬಡಿದುಕೊಂಡಾಗ ಎತ್ತಿದವನು ಲೆಕ್ಸ್. ಹೂಂ, ಹೂಂ ಅನ್ನುತ್ತ ಕೇಳಿಸಿಕೊಂಡ. ಕೊನೆಗೆ ಹೆಂಡತಿಯ ಕಡೆ ತಿರುಗಿ, "ಇದಾನೆ. ಜೀವ ಇದೆ," ಅಂದ.

ನಡೆದದ್ದು ಹೀಗೆ. ಬೆಳಿಗ್ಗೆ ಆಲ್ಬಿ ಕಂಬವನ್ನು ಬಿಗಿದಿದ್ದ ಹಗ್ಗವೊಂದು ಸಡಿಲಾದದ್ದನ್ನು ಕಂಡು ಬಿಗಿಮಾಡಲು ಹೋಗಿದ್ದ. ಹಗ್ಗದಲ್ಲಿ ವಿದ್ಯುತ್ ಇಲ್ಲವೆಂದು ಯಂತ್ರ ಆರಿಸಿರಲಿಲ್ಲ. ಎಳೆದ ರಭಸಕ್ಕೆ ತುಕ್ಕು ಹಿಡಿದ ಗೂಟ ಕಿತ್ತುಬಂದು ಕಂಬ ಅವನ ತೊಡೆಯ ಮೇಲೆಯೇ ಬಿದ್ದಿತ್ತು. ಎಲುಬು ಮುರಿದು ಅಲುಗಲಾಗದೆ ಬಿಸಿಲಲ್ಲಿ ಬಿದ್ದಿದ್ದ. ನಾಯಿ ಅವನ ತಲೆಯ ಬಳಿ ಕೂತು ನೊಣ ಅಟ್ಟುತ್ತಿತ್ತು. ಡಾರ್ಸಿ ಬಂದವನೇ ತಂತಿಯ ಕಡೆ ಕೈ ಚಾಚಿದಾಗ, ತುಟಿ ಬಿರಿದು ಮಾತು ಹೊರಡದ ಆಲ್ಬಿ ಹೇಗೋ ದನಿ ಮಾಡಿ, ಮುಟ್ಟಬೇಡ, ಮೊದಲು ಶೆಡ್ಡಿನ ಕೆಂಪು ಸ್ವಿಚ್ ಆರಿಸು ಎಂದಿದ್ದ. ಬೇಲಿಗೆ ತಂತಿ ತಾಗಿದ ಕಡೆ ಒಂದು ಮಾರು ಹುಲ್ಲು ಸುಟ್ಟು ಕಪ್ಪಾಗಿತ್ತು. ಏಕೋ ಅದು ಹರಡಿರಲಿಲ್ಲ.

ದೂರದ ಊರುಗಳಿಗೆ ವಿಮಾನದಲ್ಲೇ ಬರುವ ವೈದ್ಯರು ಅವನನ್ನು ಅಡಿಲೇಡಿಗೆ ಕೊಂಡೊಯ್ದರು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ವರ್ನಾ ಮತ್ತು ಲೆಕ್ಸ್ ಕೊಲ್ಲಿ ಬಳಸಿ ಕಾರಿನಲ್ಲಿ ಹೋದರು. ಆಲ್ಬಿ ಬಿಳಿ ಹಾಸಿಗೆಯಲ್ಲಿ ಸಣ್ಣಗೆ ಕಂಡ. ಬಿದ್ದಿದ್ದಷ್ಟು ಹೊತ್ತೂ ಶೆಡ್ಡಿನೊಳಗೆ ಯಂತ್ರವನ್ನು ತಂಪಾಗಿಡುವ ಫ್ಯಾನಿನ ಸದ್ದು ತನಗೆ ಕೇಳುತ್ತಲೇ ಇತ್ತು ಎಂದು ಅವನು ಹೇಳಿದ. ಫ್ಯಾನು ತಿರುಗುತ್ತಿದ್ದರೆ ಬೀಕನ್ ಹೋಗುತ್ತಿದೆ ಎಂದೇ ಅರ್ಥ.

"ದೇವರೇ ಇದು ಕೆಟ್ಟುಹೋಗಲಿ ಅಂತ ಬೇಡ್ಕೊಂಡೆ, ವರ್ನಾ. ನಿಂತುಹೋದ್ರೆ ನೀನು ಗಾಬರಿ ಬೀಳ್ತೀಯ, ಯಾರನ್ನಾದ್ರೂ ಕಳಿಸ್ತೀಯ ಅಂದ್ಕೊಂಡೆ. ಹಾಳಾದ್ದು ಕೆಡಲೇ ಇಲ್ಲ."

ವರ್ನಾ ನಗಬೇಕೆಂದುಕೊಂಡಳು, ಆಗಲಿಲ್ಲ. ನೀರು ತರುತ್ತೇನೆ ಎಂದು ಎದ್ದು ಹೊರಗೆ ಹೋಗಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಗೋಡೆಗೆ ಹಣೆಯೂರಿ ನಿಂತಳು.

ಆಲ್ಬಿ ಬಿದ್ದ ದಿನದ ಸಂಜೆಯೇ ಗಾಳಿ ತಿರುಗಿ ಮಳೆ ಹೊಡೆದು, ಡಾರ್ಸಿ ಕೊಯ್ಯದೆ ಬಿಟ್ಟು ಬಂದಿದ್ದ ಕಡೆಯ ಹೊಲದ ಬಾರ್ಲಿ ನೆಲಕಚ್ಚಿತ್ತು. ಇದು ವರ್ನಾಳಿಗೆ ತಿಳಿದದ್ದು ಡಾರ್ಸಿಯ ಹೆಂಡತಿಯ ಬಾಯಿಂದ, ಕ್ರಿಸ್ಮಸ್ ಕಳೆದ ಮೇಲೆ. ಕೂಡಲೇ ಡಾರ್ಸಿಗೆ ಫೋನು ಮಾಡಿ ತಪ್ಪಾಯಿತು ಅಂದಳು. ಆ ಹೊಲ ಮೊದಲಿನಿಂದಲೂ ಗಿಳಿಹಿಂಡು ಮೇಯಲಿಕ್ಕೇ ಸರಿ ಎಂದು ಗೊಣಗಿ ಅವನು ಮಾತು ತಿರುಗಿಸಿದ. ಅಲ್ಲಿ ವರ್ಷದ ನಡುವೆ ಬರುವ ಚಳಿಗಾಲಕ್ಕೆ ಆಲ್ಬಿ ಕೋಲೂರಿ ಮನೆಗೆ ಬಂದ. ಒಂದು ಕಾಲು ಕೊಂಚ ಗಿಡ್ಡವಾಗಿಯೇ ಉಳಿಯಿತು. ಕಂಬವನ್ನು ಮತ್ತೆ ನಿಲ್ಲಿಸಿದವನು ಡಾರ್ಸಿ, ತನ್ನ ಟ್ರ್ಯಾಕ್ಟರಿನ ಮುಂದಿರುವ ಕಬ್ಬಿಣದ ತೋಳಿನಿಂದ ಎತ್ತಿ, ಹೊಸ ಗೂಟಗಳನ್ನು ಕಾಂಕ್ರೀಟಿನಲ್ಲಿ ಹೂತು. ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುತ್ತ, ಇಷ್ಟು ಪಾಡುಪಟ್ಟು ಎತ್ತಿದ್ದೇನಲ್ಲ, ಇದರಿಂದ ಅದೇನು ಕೇಳುತ್ತದೋ ನನಗೂ ಒಂದು ಸಲ ಕೇಳಿಸು ಎಂದು ಆಲ್ಬಿಯ ಶೆಡ್ಡಿನೊಳಗೆ ಹೋಗಿ ಕೂತ.