ಓದಿನ ರೈಲಿನ ಕೊನೆಯ ಬೋಗಿ

೧.

ಕಥೆಯನ್ನು ಸಿಟ್ಟಿನಿಂದ ಶುರು ಮಾಡಬಹುದೇ? ಬರೆಯುವವರು ಮೊದಲು ಸಮಾಧಾನ ಮಾಡಿಕೊಂಡು ಆಮೇಲೆ ಪೆನ್ನು ಹಿಡಿಯಬೇಕಂತೆ. ಸರಿ ಎಂದು ಸಮಾಧಾನ ಮಾಡಿಕೊಂಡೇ ಒಂದು ಡ್ರಾಫ್ಟ್ ಬರೆದೆ: "ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು. ಕಿಟಕಿಯಿಂದ ಇಳಿದ ಎಳೆಬಿಸಿಲು ಖಾಲಿ ಬೆಂಚುಗಳ ಮೇಲೆ ಮಲಗಿತ್ತು..."

ಅಕ್ಕ ಓದಿದಳು. "ಯಾವ ಬಿಸಿಲು? ಆ ರೂಮಿಗೆ ಬಿಸಿಲೇ ಬರಲ್ಲ. ಕಿಟಕಿ ಮುಂದೆ ನೀರಿನ ಟ್ಯಾಂಕ್ ಇದೆ."

ಹರಿದು ಹಾಕಿದೆ. (ಕಂಪ್ಯೂಟರಿನಲ್ಲಿ ಹರಿಯಲು ಬರುವುದಿಲ್ಲ, ಡಿಲೀಟ್ ಮಾಡಿದೆ. ಸಿಟ್ಟಿಗೆ ಡಿಲೀಟ್ ಸಾಲುವುದಿಲ್ಲ.)

೨.

ಈ ಅಕ್ಕ ಯಾರೆಂದು ಹೇಳಿಬಿಡುತ್ತೇನೆ. ನನ್ನ ಸ್ವಂತ ಅಕ್ಕ. ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಟೀಚರ್. ಈ ವರ್ಷ ಅದೇ ಮಕ್ಕಳ ಜೊತೆ, ಅದೇ ರೂಮಿನಲ್ಲೇ, ಐದಕ್ಕೆ ಹೋಗುವವಳಿದ್ದಳು. ನಾನು ಕಥೆ ಬರೆಯುವವನು, ಅಂದರೆ ಮನೆಯವರ ಲೆಕ್ಕದಲ್ಲಿ ಸದಾ ಬಿಡುವಾಗಿರುವವನು. ಹಾಗಾಗಿ ಶಾಲೆ ತೆರೆಯುವ ಮುಂಚೆ ಪ್ರತಿವರ್ಷ ಬೆಂಚು ಎಳೆಯಲು, ಗೋಡೆಯ ಹಳೆಯ ಸೆಲ್ಲೋಟೇಪ್ ಕೆರೆಯಲು ನನ್ನನ್ನು ಕರೆದೊಯ್ಯುತ್ತಾಳೆ.

ಅವಳ ಕ್ಲಾಸಿನ ಹಿಂದಿನ ಮೂಲೆಯಲ್ಲಿ ಒಂದು ಚಾಪೆ, ಒಂದು ಪುಸ್ತಕದ ಶೆಲ್ಫ್. ರಜೆಗೆ ಮುಂಚೆ ಮಕ್ಕಳನ್ನು ಅಲ್ಲಿ ಕೂರಿಸಿ, ಇಷ್ಟವಾದದ್ದನ್ನು ಮನೆಗೆ ಒಯ್ಯಿರಿ ಎಂದಿದ್ದಳು.

"ಓದಿ. ಬೇಜಾರಾದ್ರೆ ಬಿಡಿ. ಅರ್ಧ ಓದಿದ್ರೂ ಸರಿ. ವಾಪಸ್ ಬಂದಾಗ ನಿಮ್ಮನ್ನ ಏನೂ ಕೇಳಲ್ಲ."

"ಪ್ರಾಮಿಸ್, ಮಿಸ್?"

"ಪ್ರಾಮಿಸ್."

ಇಷ್ಟೇ ಆಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಮಕ್ಕಳು ಸುಮ್ಮನೆ ಓದಿದರೆ ಅದರಲ್ಲಿ ಕಥೆ ಎಲ್ಲಿದೆ?

೩.

ರಜೆಯ ನಡುವೆ, ಅಕ್ಕನಿಗೆ ಒಂದು ಮಾತೂ ಹೇಳದೆ, ಹೆಡ್ ಮೇಡಂ ಎಲ್ಲರ ಮನೆಗೂ ಪ್ರಶ್ನೆಗಳ ಹಾಳೆ ಕಳಿಸಿದ್ದರು. ದಿನಕ್ಕೆ ಎಷ್ಟು ಪುಟ ಓದಿದೆ? ಕಥೆಯ ನೀತಿ ಏನು? ಕಠಿಣ ಪದಗಳು ಯಾವುವು? ಕೆಳಗೆ ಮನೆಯವರ ಸಹಿ. ತುಂಬಿದ ಹಾಳೆಗಳನ್ನು ಆಫೀಸಿಗೇ ತರಿಸಿಕೊಂಡಿದ್ದರು.

ನಾವು ರೂಮು ಸಜ್ಜು ಮಾಡುತ್ತಿದ್ದ ದಿನ, ನಾನು ಕುರ್ಚಿಯ ಮೇಲೆ ನಿಂತು ಟೇಪ್ ಕೆರೆಯುತ್ತಿದ್ದಾಗ, ಅವರು ಒಂದು ಉದ್ದದ ಥರ್ಮಾಕೋಲ್ ರೈಲು ಹಿಡಿದು ಬಂದರು. ಮುಂದೆ ಎಂಜಿನ್, ಹಿಂದೆ ಬೋಗಿಗಳು, ಬೋಗಿಗಳಲ್ಲಿ ಮಕ್ಕಳ ಫೋಟೋ. ಹೆಚ್ಚು ಪುಟ ಓದಿದವರು ಎಂಜಿನ್ನಿನಲ್ಲಿ. ಕಡಿಮೆ ಓದಿದಷ್ಟೂ ಹಿಂದೆ. ಕೊನೆಯ ಬೋಗಿಗೆ ಕೆಂಪು ಬಣ್ಣ.

"ಓಪನಿಂಗ್ ಡೇ ಪೇರೆಂಟ್ಸ್ ಬರ್ತಾರೆ. ಬಾಗಿಲಿಗೆ ಎದುರು ಗೋಡೆ ಮೇಲೆ ಇರಲಿ, ಮಿಸ್," ಎಂದು ತಾವೇ ನಿಂತು ಅಂಟಿಸಿ ಹೋದರು.

(ಇಲ್ಲಿ ಹೆಡ್ ಮೇಡಂ ನನ್ನ ವಾಕ್ಯಕ್ಕೆ ಅಡ್ಡ ಬರುತ್ತಾರೆ. "ನನ್ನನ್ನ ರಾಕ್ಷಸಿ ಮಾಡ್ತಿದ್ದೀರಿ. ಅದನ್ನ ನಾನೇ ಮನೇಲಿ ಕೂತು ಕತ್ತರಿಸಿದ್ದು. ಬ್ಲೇಡ್ ತಾಗಿ ಬೆರಳು ಕುಯ್ದುಕೊಂಡಿದೆ. ಅದನ್ನೂ ಬರೀರಿ." ಬರೆದೆ, ಮೇಡಂ. ಬೆರಳಿಗೆ ಬ್ಯಾಂಡೇಜ್ ಇತ್ತು. ನನ್ನ ಸಿಟ್ಟು ಹಾಗೇ ಇದೆ.)

೪.

ಕೊನೆಯ ಬೋಗಿಯಲ್ಲಿ ಒಂದೇ ಫೋಟೋ. ಉದ್ದಕ್ಕೆ, ಸಣ್ಣಗೆ ಇರುವ ಹುಡುಗಿ. ಕ್ಲಾಸಿನಲ್ಲಿ ಎಲ್ಲರೂ ಅವಳನ್ನು ಪೆನ್ಸಿಲ್ ಎನ್ನುತ್ತಾರೆ. ಅವತ್ತೇ ಅವಳು ಅಜ್ಜಿಯ ಜೊತೆ ಪಠ್ಯಪುಸ್ತಕ ಒಯ್ಯಲು ಬಂದವಳು ಬಾಗಿಲಲ್ಲಿ ನಿಂತಳು. ನೋಡಿದಳು. ಅವಳ ಕಣ್ಣು ತುಂಬಿ ಬಂತು.

("ನಾನು ಅಳಲಿಲ್ಲ," ಎನ್ನುತ್ತಾಳೆ ಪೆನ್ಸಿಲ್. ಸರಿ ಕಣಮ್ಮ, ಹೊಡೆದು ಹಾಕುತ್ತೇನೆ. ಅತ್ತರೆ ಓದುಗರು ಕರಗುತ್ತಾರೆಂಬ ಆಸೆ ನನಗೆ.)

ಅವಳು ಅಳಲಿಲ್ಲ. "ಮಿಸ್, ನೀವು ಕೇಳಲ್ಲ ಅಂದಿದ್ರಿ," ಎಂದಳು.

ಅಕ್ಕ ಕೈಯಲ್ಲಿದ್ದ ಗಮ್ ಬಾಟಲಿ ಕೆಳಗಿಟ್ಟಳು. "ಅಂದಿದ್ದೆ."

"ಅದಕ್ಕೇ ನಾನು ಆ ಪೇಪರ್ ಬರೀಲಿಲ್ಲ. ನೀವು ಕಳಿಸಿದ್ದಲ್ಲ ಅಂದ್ಕೊಂಡೆ."

"ಸಹಿ ಹಾಕ್ತೀನಿ ಕೊಡೇ ಅಂದೆ ನಾನು," ಎಂದರು ಅಜ್ಜಿ. "ಕೊಡಲೇ ಇಲ್ಲ. ಮಿಸ್ ಮಾತು ಕೊಟ್ಟಿದ್ದಾರೆ ಅಂತ ಒಂದೇ ಹಟ."

೫.

ಓದುಗರೇ, ನಿಮಗೀಗ ಏನು ಬೇಕೆಂದು ನನಗೆ ಗೊತ್ತು. ಪೆನ್ಸಿಲ್ ಹೆಡ್ ಮೇಡಂ ಮುಂದೆ ನಿಂತು ಇಡೀ ಪುಸ್ತಕವನ್ನು ಬಾಯಿಪಾಠ ಒಪ್ಪಿಸಬೇಕು. ಅವರು ತಲೆ ತಗ್ಗಿಸಬೇಕು. ಆ ದೃಶ್ಯ ಇಲ್ಲಿ ಸಿಗುವುದಿಲ್ಲ.

ಅವಳು ಓದಿದ್ದು ಅರ್ಧ ಮಾತ್ರ. ಒಂದು ಮನೆಯಲ್ಲಿದ್ದ ಕತ್ತೆಯ ಕಥೆ ಅದು. ನಡುವೆ ಎಲ್ಲೋ, ಮನೆಯವರು ಕತ್ತೆಯನ್ನು ಮಾರುವ ಮಾತಾಡುತ್ತಾರೆ. ಅಲ್ಲಿಗೆ ಪುಸ್ತಕ ಮುಚ್ಚಿಟ್ಟಳಂತೆ.

"ಮುಂದೆ ಓದಿದ್ರೆ ಮಾರಿಬಿಡ್ತಾರೆ ಮಿಸ್. ಅಲ್ಲಿಗೇ ನಿಲ್ಲಿಸಿದ್ರೆ ಅದು ಮನೇಲೇ ಇರುತ್ತೆ."

ನನ್ನ ಪುಸ್ತಕಗಳನ್ನೂ ಜನ ಅರ್ಧಕ್ಕೆ ಮುಚ್ಚಿದ್ದಾರೆ. ಇಷ್ಟು ಒಳ್ಳೆಯ ಕಾರಣಕ್ಕೆ ಯಾರೂ ಮುಚ್ಚಿಲ್ಲ. ಹೇಳಿ, ಇದನ್ನು ಆ ಹಾಳೆಯ ಯಾವ ಗೆರೆಯ ಮೇಲೆ ಬರೆಯಬೇಕಿತ್ತು? ಇಷ್ಟಕ್ಕೂ ಅವಳು ಒಂದು ಪುಟವನ್ನೂ ತಿರುವಿರದಿದ್ದರೂ ನನ್ನ ಸಿಟ್ಟು ಇಷ್ಟೇ ಇರುತ್ತಿತ್ತು. ಕೇಳುವುದಿಲ್ಲ ಎಂದರೆ ಕೇಳುವುದಿಲ್ಲ, ಅಷ್ಟೇ.

೬.

ಅಜ್ಜಿ-ಮೊಮ್ಮಗಳು ಹೋದ ಮೇಲೆ, "ಕೊನೇ ಬೋಗಿ ಕಿತ್ತುಬಿಡಲಾ?" ಎಂದೆ.

"ಆಗ ಅದರ ಮುಂದಿನದು ಕೊನೇದಾಗುತ್ತೆ ಕಣೋ," ಎಂದಳು ಅಕ್ಕ. ಇಡೀ ರೈಲನ್ನೇ ಇಳಿಸಿ, ಕಂಕುಳಲ್ಲಿ ಹಿಡಿದು ಹೆಡ್ ಮೇಡಂ ರೂಮಿಗೆ ನಡೆದಳು. ಒಂದು ತುದಿ ಬಾಗುತ್ತಿತ್ತು. ನಾನು ಹಿಂದಿನಿಂದ ಹಿಡಿದುಕೊಂಡೆ.

"ಮಕ್ಕಳಿಗೆ ನಾನು ಮಾತು ಕೊಟ್ಟಿದ್ದೆ, ಮೇಡಂ."

"ಕೊಡೋಕೆ ಮುಂಚೆ ನನ್ನನ್ನ ಕೇಳಬೇಕಿತ್ತು. ಮಕ್ಕಳು ಓದಿದ್ದಾರೆ ಅಂತ ಹೇಗೆ ಗೊತ್ತಾಗಬೇಕು? ಮೇಲಿನವರು ಕೇಳೋದು ನಿಮ್ಮನ್ನಲ್ಲ, ನನ್ನನ್ನ. ನಾನು ಏನು ತೋರಿಸಲಿ?"

"ಮಕ್ಕಳನ್ನ ತೋರಿಸಿ."

(ಈ ಕೊನೆಯ ಮಾತು ನನ್ನದು. ಚೆನ್ನಾಗಿದೆ ಅಲ್ಲವೇ? ಅಕ್ಕ ಒಪ್ಪಲಿಲ್ಲ. "ನಾನೆಲ್ಲಿ ಹಾಗಂದೆ? ನನ್ನನ್ನ ಭಾಷಣಕಾರ್ತಿ ಮಾಡಬೇಡ." ಅವಳು ನಿಜವಾಗಿ ಹೇಳಿದ್ದು ಇಷ್ಟು: "ಏನು ತೋರಿಸಬೇಕೋ ನನಗೂ ಗೊತ್ತಿಲ್ಲ, ಮೇಡಂ. ಇದನ್ನ ಮಾತ್ರ ತೋರಿಸಬೇಡಿ." ಹೇಳಿ ರೈಲನ್ನು ಅವರ ಮೇಜಿನ ಮೇಲೆ ಇಟ್ಟಳು.)

ಮಾರನೆಯ ದಿನ ಶಾಲೆಯಿಂದ ಫೋನ್ ಬಂತು. ಅಕ್ಕನಿಗೆ ಈ ವರ್ಷ ಒಂದನೇ ಕ್ಲಾಸ್. ನಾವು ಗುಡಿಸಿ ಒರೆಸಿದ ರೂಮು ಬೇರೆ ಟೀಚರಿಗೆ.

೭.

ನಾನು ಯೋಚಿಸಿದ ಅಂತ್ಯಗಳು.

ಪೋಷಕರೆಲ್ಲ ಸಿಡಿದೇಳುತ್ತಾರೆ. ಇದನ್ನು ಬರೆಯಲು ಕೂತಿದ್ದೆ. ಆದರೆ ನಡೆದದ್ದೇ ಬೇರೆ. ಶಾಲೆ ತೆರೆದ ದಿನ ಅಕ್ಕ ತನ್ನ ಹೊಸ ಕ್ಲಾಸಿಗೆ ಹೋಗುವ ಮೊದಲು ಐದನೇ ಕ್ಲಾಸಿಗೆ ಹೋಗಿ, ಗೋಡೆಗೊರಗಿದ್ದ ಅಪ್ಪ-ಅಮ್ಮಂದಿರ ಎದುರಿಗೇ ಮಕ್ಕಳಿಗೆ ಹೇಳಿದಳು: "ಕೇಳಲ್ಲ ಅಂದಿದ್ದೆ. ಕೇಳಿದ್ದಾಯ್ತು. ನನ್ನ ಮಾತು ಉಳಿಸಿಕೊಳ್ಳೋಕೆ ಆಗ್ಲಿಲ್ಲ. ತಪ್ಪಾಯ್ತು." ಆಮೇಲೆ ಒಬ್ಬ ತಂದೆ ಕೈಯೆತ್ತಿ ಕೇಳಿದರು, "ಹಾಗಾದ್ರೆ ಇದಕ್ಕೆ ಮಾರ್ಕ್ಸ್ ಇದೆಯೋ ಇಲ್ವೋ?"

ಅಕ್ಕ ರಾಜೀನಾಮೆಯನ್ನು ಮೇಜಿನ ಮೇಲೆ ಎಸೆಯುತ್ತಾಳೆ. ("ನೀನು ಸಾಕ್ತೀಯಾ ನನ್ನನ್ನ?")

ಹೆಡ್ ಮೇಡಂ ಮನಸ್ಸು ಕರಗಿ ತಾವೇ ರೈಲನ್ನು ಇಳಿಸುತ್ತಾರೆ. ("ನಾನು ಹಾಗೆ ಮಾಡಲಿಲ್ಲ. ಸುಳ್ಳು ಬರೀಬೇಡಿ." ಪ್ರಾಮಾಣಿಕರು. ರೈಲು ಮತ್ತೆ ಗೋಡೆ ಹತ್ತಿತು, ಇವತ್ತಿಗೂ ಅಲ್ಲೇ ಇದೆ.)

೮.

ಶಾಲೆ ತೆರೆದ ದಿನವೇ ಊಟದ ಬಿಡುವಿನಲ್ಲಿ ಪೆನ್ಸಿಲ್ ಒಂದನೇ ಕ್ಲಾಸಿಗೆ ಬಂದಳಂತೆ. ಅಕ್ಕ ಪುಟ್ಟ ಬೆಂಚಿನ ಮೇಲೆ ಮುದುಡಿ ಕೂತು ಯಾವುದೋ ಮಗುವಿನ ಶೂ ಲೇಸ್ ಕಟ್ಟುತ್ತಿದ್ದಳು.

"ಮಿಸ್, ನನಗೆ ಇನ್ನೊಂದು ಪುಸ್ತಕ ಬೇಕು."

"ನಿಮ್ಮ ಕ್ಲಾಸಲ್ಲೇ ಶೆಲ್ಫ್ ಇದೆಯಲ್ಲ."

"ಅಲ್ಲಿ ತಗೊಂಡ್ರೆ ಕೇಳ್ತಾರೆ. ನೀವು ಕೊಟ್ರೂ ಕೇಳ್ತಾರಾ?"

ಮತ್ತೆ ಮಾತು ಕೊಡುವ ಸ್ಥಿತಿಯಲ್ಲಿ ಅಕ್ಕ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಅಕ್ಕ ಏನೋ ಹೇಳಿದಳು. ಏನೆಂದು ನನಗೂ ಹೇಳಿದಳು, ನಾನು ಬರೆದೂ ಇದ್ದೆ.

"ಅದನ್ನ ತೆಗಿ," ಎಂದಳು ಅಕ್ಕ, ಓದಿ. "ಅದು ನನಗೂ ಅವಳಿಗೂ ಮಾತ್ರ."

ತೆಗೆದಿದ್ದೇನೆ. ಇದರ ಕೆಳಗೆ ಈಗ ಖಾಲಿ ಜಾಗವಿದೆ. ಅದನ್ನು ತುಂಬಿ ಕೊಡು ಎಂದು ಕೇಳುವವರು ಯಾರೇ ಇರಲಿ, ಅವರ ಮೇಲೆ ನನಗೆ ಸಿಟ್ಟಿದೆ.