ಡೋಣಿ ನೀರಿಗೆ ಬಂದ ಮೀನು

ತಾಳಿಕೋಟೆಯ ಆ ಓಣಿಯಲ್ಲಿ ಶಂಕ್ರೆವ್ವನ ಅತ್ತೆಯ ಮನೆಗೆ ಮೀನಿನವರ ಮನೆ ಎಂದೇ ಹೆಸರಾಗಿತ್ತು. ಮೀನು ತಿನ್ನುವ ಮಾತು ಹಾಗಿರಲಿ, ಲಿಂಗಪೂಜೆ ಮುಗಿಯದೆ ಆ ಮನೆಯಲ್ಲಿ ಒಬ್ಬರ ಬಾಯಿಗೂ ಚಹಾ ಬೀಳುತ್ತಿರಲಿಲ್ಲ. ಮೀನುಗಳಿದ್ದದ್ದು ಪಡಸಾಲೆಯಲ್ಲಿ, ದೇವರ ಕೋಣೆಯ ಗೋಡೆಗೆ ಹತ್ತಿಸಿ ಇಟ್ಟಿದ್ದ ಗಾಜಿನ ಪೆಟ್ಟಿಗೆಯಲ್ಲಿ. ಪಕ್ಕದ ಮನೆಯ ಜೋಹರಾಬಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಾಗಲೆಲ್ಲ ಅದರ ಮುಂದೆ ನಿಂತು, "ಎಲ್ಲಾರ ಮನ್ಯಾಗ ಮೀನು ಒಲಿ ಮ್ಯಾಲ, ನಿಮ್ಮ ಮನ್ಯಾಗ ದೇವರ ಬಾಜೂಕ. ಪುಣ್ಯಾ ಮಾಡಿ ಬಂದಾವ ನೋಡ್ರಿ" ಎನ್ನುತ್ತಿದ್ದಳು.

ಪೆಟ್ಟಿಗೆ ಕಟ್ಟಿದವರು ಶಂಕ್ರೆವ್ವನ ಮಾವ ಬಸಂತರಾಯರು. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವರದು. ಒಮ್ಮೆ ಮುಂಬಯಿಗೆ ಹೋದಾಗ ಸಮುದ್ರದ ಮೀನುಗಳನ್ನು ಗಾಜಿನೊಳಗೆ ಉಪ್ಪುನೀರಿನಲ್ಲಿ ಸಾಕಿದ್ದನ್ನು ನೋಡಿ ಬಂದರು. ನಮ್ಮ ಡೋಣಿ ಹೊಳೆಯ ನೀರೂ ಉಪ್ಪೇ, ಅದಕ್ಕೆ ಸಮುದ್ರ ಯಾಕೆ ಬೇಕು ಎಂದು ಅಂಗಡಿಯ ಗಾಜನ್ನೇ ಕತ್ತರಿಸಿ, ಕಬ್ಬಿಣದ ಪಟ್ಟಿ ಕೂಡಿಸಿ ಪೆಟ್ಟಿಗೆ ಮಾಡಿದರು. ಡೋಣಿಯ ನೀರು, ಡೋಣಿಯ ಕಲ್ಲು, ಡೋಣಿಯ ಮೀನು. ಅವರು ತೀರಿಕೊಂಡ ಮೇಲೆ ಹೆಂಡತಿ ಕಸ್ತೂರೆವ್ವ ಅದನ್ನು ಕಾಯ್ದುಕೊಂಡು ಬಂದಿದ್ದಳು. ನೀರು ಬದಲಿಸುವಳು, ಗಾಜು ಒರೆಸುವಳು, ಒಳಗಿನ ಕಲ್ಲುಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಗಂಡ ಇಟ್ಟ ಕಲ್ಲು ಇಟ್ಟಲ್ಲೇ ಇದ್ದವು.

ಎಪ್ಪತ್ತೈದನೆಯ ಇಸವಿಯಲ್ಲಿ ಶಂಕ್ರೆವ್ವ ಆ ಮನೆಗೆ ಸೊಸೆಯಾಗಿ ಬಂದಳು. ಅವಳ ತವರು ತಂಗಡಗಿ, ಕೃಷ್ಣೆಯ ದಂಡೆಯ ಊರು. ಅಲ್ಲಿ ಹೊಳೆಗೆ ಬಗ್ಗಿ ಬೊಗಸೆಯೆತ್ತಿದರೆ ಸಿಹಿನೀರು. ಇಲ್ಲಿ ಹಿತ್ತಲ ಬಾವಿಯಲ್ಲಿ ಸವಳು ನೀರು. ಮೊದಲ ದಿನವೇ ಅವಳು ತವರಿನಲ್ಲಿ ಹಾಕುವಷ್ಟೇ ಉಪ್ಪನ್ನು ಸಾರಿಗೆ ಹಾಕಿಬಿಟ್ಟಳು. ನೀರಿನಲ್ಲೇ ಅರ್ಧ ಉಪ್ಪಿದೆ ಎಂಬುದು ಅವಳಿಗೇನು ಗೊತ್ತು? ಗಂಡ ಶ್ರೀಶೈಲಪ್ಪ ಉಂಡೆದ್ದು ಒಂದು ಚರಿಗೆ ಮಜ್ಜಿಗೆ ಕುಡಿದ. ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ಉಳಿಯುತ್ತಿತ್ತು. ಚಹಾ ಒಡೆದ ಹಾಲಿನ ಹಾಗೆ ಕಾಣುತ್ತಿತ್ತು. ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿ ಎಂಬುದು ಕಸ್ತೂರೆವ್ವನ ಕೈಗೆ ಕಣ್ಣುಮುಚ್ಚಿದರೂ ಗೊತ್ತು. ಶಂಕ್ರೆವ್ವ ಪ್ರತಿ ಸಲವೂ ಕೇಳಬೇಕು. ಕೇಳಿ ಕೇಳಿ ನಾಚಿಕೆಯಾಗಿ, ಜೀರಿಗೆ ಸಿಗದೆ ಒಗ್ಗರಣೆ ಹೊತ್ತಿಸಿಕೊಂಡದ್ದೂ ಉಂಟು. ಅತ್ತೆ ಬೈಯುವವಳಲ್ಲ. ಬೈದಿದ್ದರೆ ಅಳಲಿಕ್ಕಾದರೂ ಒಂದು ನೆಪ ಸಿಗುತ್ತಿತ್ತು.

ಬೇಸಿಗೆಯಲ್ಲಿ ಅವಳ ಅಪ್ಪ ರಾಚಪ್ಪ ಮಗಳನ್ನು ನೋಡಲು ಬಂದ. ಮದುವೆಯಲ್ಲಿ ಗಾಜಿನ ಪೆಟ್ಟಿಗೆ ನೋಡಿ ಹೋಗಿದ್ದವನು, ಈಗ ಬಾಯಿಗೆ ಬಟ್ಟೆ ಕಟ್ಟಿದ ಕೊಡದಲ್ಲಿ ಕೃಷ್ಣೆಯ ಮೀನು ತಂದಿದ್ದ. ಬಿದಿರೆಲೆಯಷ್ಟು ಸಣ್ಣವು, ಬೆಳ್ಳಿ ಮೈ. ಮುದ್ದೇಬಿಹಾಳದ ಬಸ್ಸಿನಲ್ಲಿ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಬಂದು ಅವನ ಧೋತರವೆಲ್ಲ ತೊಯ್ದಿತ್ತು. ಶಂಕ್ರೆವ್ವನಿಗೆ ತನ್ನ ಊರೇ ಮನೆಗೆ ಬಂದಂತಾಯಿತು. ಶ್ರೀಶೈಲಪ್ಪ ಹೆಂಡತಿಯ ಮುಖ ಅರಳಿದ್ದು ಕಂಡು ಖುಷಿಯಾಗಿ, ಹಿಂದುಮುಂದು ನೋಡದೆ ಕೊಡವನ್ನು ಪೆಟ್ಟಿಗೆಗೆ ಬಗ್ಗಿಸಿಬಿಟ್ಟ. ಪೆಟ್ಟಿಗೆಯಲ್ಲಿ ದೊಡ್ಡದೊಂದು ಕಂದು ಮೀನಿತ್ತು. ಅದಕ್ಕೆ ಮನೆಯವರು ಗೌಡ ಎಂದು ಕರೆಯುತ್ತಿದ್ದರು. ಮೂಲೆಯ ಜೋಡುಗಲ್ಲಿನ ಸಂದು ಅದರ ವಾಡೆ. ಗೌಡ ಹೊಸಬರನ್ನು ಗಾಜಿನ ಮೂಲೆಗಳಿಗೆ ಅಟ್ಟಿಸಿಕೊಂಡು ಹೋಯಿತು. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಬೆಳ್ಳಿ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು.

ಕಸ್ತೂರೆವ್ವ ಅವನ್ನು ಎತ್ತಿ ಹಿತ್ತಲ ಮಲ್ಲಿಗೆಯ ಬುಡಕ್ಕೆ ಹಾಕಿ ಬಂದಳು. ರಾಚಪ್ಪ, ಪಂಚಮಿಗೆ ಮಗಳನ್ನು ಕರೆಯಲು ಬರುವಾಗ ಮತ್ತೆ ತರುವೆನೆಂದು ಹೇಳಿ ಹೋದ. ಈ ನೀರು ನಮ್ಮವರಿಗೆ ಆಗುವುದಿಲ್ಲ ಎಂದು ಶಂಕ್ರೆವ್ವನ ಮನಸ್ಸು ಅಂದೇ ತೀರ್ಮಾನ ಮಾಡಿಬಿಟ್ಟಿತ್ತು. ಪಂಚಮಿಗೆ ಹೋದವಳು ತಿರುಗಿ ಬರಬಾರದು.

ಶ್ರಾವಣ ಬಂತು. ನಾಳೆ ಹೊರಡಬೇಕು ಎಂದಾಗ ರಾಚಪ್ಪ ಮತ್ತೆ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಪ್ಪನಿಗೆ ಕಾಲಿಗೆ ನೀರು ಕೊಟ್ಟು ಶಂಕ್ರೆವ್ವ ಒಳಗೆ ಟ್ರಂಕು ತುಂಬುತ್ತಿದ್ದಳು. ಸೀರೆಗಳೆಲ್ಲ ಇಟ್ಟಾಯಿತು. ಮೇಲೆ ಅವ್ವ ಹಳೆಯ ಸೀರೆಗಳಿಂದ ಹೊಲಿದು ಕೊಟ್ಟ ಕೌದಿಯನ್ನೂ ಮಡಚಿ ಒತ್ತುತ್ತಿರುವಾಗ ಅತ್ತೆ ಬಾಗಿಲಿಗೆ ಬಂದಳು. ಟ್ರಂಕು ನೋಡಿದಳು. ಸೊಸೆಯ ಮುಖ ನೋಡಿದಳು.

"ಪಂಚಮಿಗೆ ಹೋಗೋರು ಕೌದಿ ಒಯ್ತಾರೇನ ಯವ್ವಾ?"

ಶಂಕ್ರೆವ್ವ ಕೌದಿಯನ್ನು ಇನ್ನೊಮ್ಮೆ ಒತ್ತಿ ಟ್ರಂಕಿನ ಮುಚ್ಚಳ ಹಾಕಿದಳು. ಕಸ್ತೂರೆವ್ವ ಹೊರಗೆ ನಡೆದಳು. ಸ್ವಲ್ಪ ಹೊತ್ತಿನ ಮೇಲೆ ಪಡಸಾಲೆಯಿಂದ ಕೂಗಿದಳು. ಸೊಸೆ ಹೋಗಿ ನೋಡಿದರೆ ಅತ್ತೆ ಕೊಡದ ಮುಂದೆ ಮಣೆ ಹಾಕಿಕೊಂಡು ಕೂತಿದ್ದಾಳೆ, ಕೈಯಲ್ಲಿ ಸೌಟು. ಪೆಟ್ಟಿಗೆಯ ನೀರನ್ನು ಒಂದು ಸೌಟು ತೆಗೆದು ಕೊಡಕ್ಕೆ ಹಾಕುವಳು, ಸುಮ್ಮನೆ ಕೂಡುವಳು, ಎದ್ದು ರೊಟ್ಟಿಯ ಹಿಟ್ಟು ನಾದಿ ಬರುವಳು, ಮತ್ತೊಂದು ಸೌಟು. ಕೊಡ ತುಂಬಿದರೆ ಅದರದೇ ನೀರು ಒಂದಿಷ್ಟು ಚೆಲ್ಲುವಳು. ಸೌಟನ್ನು ಸೊಸೆಯ ಕೈಗೆ ಕೊಟ್ಟು, ಕೊಡಕ್ಕೆ ಬೆಳಕು ಬೀಳದ ಹಾಗೆ ಸೆರಗಿನಷ್ಟು ಬಟ್ಟೆ ಹೊದಿಸಿದಳು.

ಸೌಟು ಆಡುತ್ತಿದ್ದ ಹಾಗೆ ಕಸ್ತೂರೆವ್ವ ತನ್ನ ಕಥೆ ಹೇಳಿದಳು. ಅವಳ ತವರು ಇಂಗಳೇಶ್ವರ, ಅಲ್ಲಿಯ ಬಾವಿ ಎಳನೀರಿನಂಥದು. ಅವಳು ಮದುವೆಯಾಗಿ ಬಂದಾಗ ಅವಳ ಅತ್ತೆ ದೂರದ ಸಿಹಿಬಾವಿಯಿಂದ ನೀರು ತರಿಸಿ, ಸೊಸೆಗೆಂದೇ ಬೇರೆ ಕೊಡ ಇಟ್ಟಿದ್ದಳಂತೆ. ದಿನದಿನಕ್ಕೆ ಅದರಲ್ಲಿ ಮನೆಯ ಸವಳು ಒಂದೊಂದು ಸೌಟು ಹೆಚ್ಚಿಸುತ್ತ ಬಂದಳಂತೆ, ಸೊಸೆಗೆ ಗೊತ್ತಾಗದ ಹಾಗೆ.

"ನಿನಗ ಆ ಕೊಡಾ ಇಡಬೇಕಿತ್ತು ನಾನು. ಇವರು ಹೋದ ಮ್ಯಾಲ ನನ್ನ ತೆಲಿ ತೆಲ್ಯಾಗಿರಲಿಲ್ಲ, ತಂಗಿ. ನಿನ್ನ ನೇರ ಡೋಣ್ಯಾಗ ಬಗ್ಗಿಸಿಬಿಟ್ಟೆ."

ಸಂಜೆಯ ಹೊತ್ತಿಗೆ ಕೊಡದ ನೀರೂ ಪೆಟ್ಟಿಗೆಯ ನೀರೂ ನಾಲಿಗೆಗೆ ಒಂದೇ ಆಗಿದ್ದವು. ರುಚಿ ನೋಡಿದವಳು ಶಂಕ್ರೆವ್ವನೇ. ಆದರೂ ಗೌಡ ತನ್ನ ವಾಡೆಯ ಬಾಗಿಲಲ್ಲೇ ಇತ್ತು. ಅದು ಸುಮ್ಮನಿದ್ದೀತೇ ಎಂದು ಕೇಳಿದಳು. ಅತ್ತೆ ತಡೆತಡೆದು ಹೇಳಿದಳು: "ಅವರು ಹೊಸಾ ಮೀನ ಬಿಡೂಮುಂದ ಒಳಗಿನ ಕಲ್ಲೆಲ್ಲಾ ಸರಸ್ತಿದ್ರು. ಹಳೇ ಮೀನು ತನ್ನ ಜಾಗಾ ಮರೀಬೇಕಂತ. ಎಲ್ಲಾರೂ ಹೊಸಬರಾದ್ರ ಯಾರು ಯಾರನ್ನ ಅಟ್ತಾರ?"

ಹೇಳಿದಳೇ ಹೊರತು ಕೈ ಹಾಕಲಿಲ್ಲ. ಗಾಜಿನ ಮುಂದೆ ನಿಂತು ಕಲ್ಲುಗಳನ್ನು ನೋಡಿದಳು. ಬೇಸಿಗೆಯಲ್ಲೂ ಅವಳಿಗೆ ಇದು ಗೊತ್ತಿತ್ತು, ಆದರೆ ಹೇಳಲು ಬಾಯಿ ಬಂದಿರಲಿಲ್ಲ ಎಂಬುದು ಶಂಕ್ರೆವ್ವನಿಗೆ ಆಗ ತಿಳಿಯಿತು. ಇರಲಿ ಬಿಡ್ರಿ, ಮೀನು ಹೊಳೆಗೇ ಬಿಟ್ಟು ಬರೋಣ ಎಂದು ಅವಳು ಹೇಳುವಷ್ಟರಲ್ಲಿ ಕಸ್ತೂರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಳಕೈ ತನಕ ಕೈ ಮುಳುಗಿಸಿ, ಜೋಡುಗಲ್ಲನ್ನು ಎತ್ತಿದಳು. ಗೌಡ ದಿಕ್ಕು ತಪ್ಪಿ ಗಾಜಿಗೆ ಮೂತಿ ಬಡಿದುಕೊಂಡಿತು. ಎಡದ ಕಲ್ಲು ಬಲಕ್ಕೆ, ಹಿಂದಿನದು ಮುಂದಕ್ಕೆ. ನೀರೆಲ್ಲ ರಾಡಿಯಾಯಿತು. ಹಳಬರ ಬಾಯಿಗೆ ಹಿಟ್ಟು ಉದುರಿಸಿ, ಬೆಳ್ಳಿ ಮೀನುಗಳನ್ನು ಬೊಗಸೆಯಿಂದ ಜಾರಿಬಿಟ್ಟರು. ಒದ್ದೆ ಕೈಯನ್ನು ಕಸ್ತೂರೆವ್ವ ಎಷ್ಟೋ ಹೊತ್ತು ಒರೆಸಿಕೊಳ್ಳಲಿಲ್ಲ.

ಬೆಳಗಾಗುವಷ್ಟರಲ್ಲಿ ರಾಡಿ ತಳಕ್ಕಿಳಿದಿತ್ತು. ಗೌಡ ಇನ್ನೂ ಹೊಸ ಸಂದು ಹುಡುಕುತ್ತಿತ್ತು. ಅದರ ಹೊಟ್ಟೆಯ ಕೆಳಗೇ ಬೆಳ್ಳಿ ಮೀನುಗಳು ಆಡುತ್ತಿದ್ದವು. ಶಂಕ್ರೆವ್ವ ಅದನ್ನು ಕಣ್ಣು ತುಂಬ ನೋಡಿ ಅಡುಗೆಮನೆಗೆ ಹೋದರೆ, ನಾಗೊಂದಿಗೆಯ ಮೇಲಿನ ಡಬ್ಬಿಗಳೆಲ್ಲ ನೆಲದ ಮೇಲಿದ್ದವು. ಕಸ್ತೂರೆವ್ವ ಖಾಲಿ ಹಲಗೆ ಒರೆಸುತ್ತಿದ್ದಳು.

"ನಿನ್ನ ಕೈಗೆ ಹೆಂಗ ಬರತಾವ ಹಂಗ ಇಡು" ಎಂದು ಹೊರಗೆ ನಡೆದುಬಿಟ್ಟಳು.

ಶಂಕ್ರೆವ್ವ ಇಟ್ಟಳು. ಅಪ್ಪ ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡುತ್ತಿದ್ದ. ಟ್ರಂಕು ಬಿಚ್ಚಲು ಹೊತ್ತಿರಲಿಲ್ಲ, ಬಿಚ್ಚಬೇಕೋ ಬೇಡವೋ ಅವಳಿಗೂ ತಿಳಿದಿರಲಿಲ್ಲ. ಕೌದಿ ಅವಳ ಜೊತೆಗೇ ತಂಗಡಗಿಗೆ ಹೋಯಿತು. ಅತ್ತೆ ಅದನ್ನು ನೋಡಿದರೂ ಯಾವಾಗ ಬರುತ್ತೀ ಎಂದು ಕೇಳಲಿಲ್ಲ.

ತವರಿನಲ್ಲಿ ಪಂಚಮಿಯ ಉಂಡಿ ತಿಂದಳು, ಜೋಕಾಲಿ ಆಡಿದಳು, ಕೃಷ್ಣೆಯ ನೀರು ಹೊಟ್ಟೆ ತುಂಬ ಕುಡಿದಳು. ನೀರು ಸಪ್ಪಗಿದೆ ಎನಿಸಿದಾಗ ತಾನೇ ಗಾಬರಿಯಾದಳು. ಅವ್ವ ಕೌದಿಯ ವಿಷಯ ಕೇಳಿದರೆ ಏನು ಹೇಳಬೇಕೆಂದು ಮಾತು ಜೋಡಿಸುತ್ತಲೇ ಹಬ್ಬ ಕಳೆಯಿತು. ಆಗ ಒಂದು ದಿನ ರಾಚಪ್ಪ ಮುದ್ದೇಬಿಹಾಳದ ಸಂತೆಯಿಂದ ನಗುತ್ತ ಬಂದ. ಅಲ್ಲಿ ಜೋಹರಾಬಿಯ ಗಂಡ ಕಾಸಿಂಸಾಬ ಸಿಕ್ಕಿದ್ದನಂತೆ. ಬೀಗಿತ್ತಿ ಕಸ್ತೂರೆವ್ವ ಒಂದು ಮಾತು ಹೇಳಿ ಕಳಿಸಿದ್ದಾಳಂತೆ. ಮೀನು ಎಲ್ಲಾ ಆರಾಮ ಅದಾವ. ಆದರೆ ಶಂಕ್ರೆವ್ವ ಜೀರಿಗೆ ಡಬ್ಬಿ ಎಲ್ಲಿಟ್ಟಿದ್ದಾಳೆ ಕೇಳಿಕೊಂಡು ಬರಬೇಕಂತೆ. ಆಕೆ ಹೋದಾಗಿನಿಂದ ಆ ಮನೆಯಲ್ಲಿ ಜೀರಿಗೆ ಸಿಕ್ಕಿಲ್ಲ, ಜೋಹರಾಬಿಯ ಮನೆಯಿಂದ ಇಸಿದುಕೊಂಡು ಒಗ್ಗರಣೆ ಹಾಕುತ್ತಿದ್ದಾರಂತೆ.

ಡಬ್ಬಿಗಳನ್ನೆಲ್ಲ ಇಳಿಸಿ ನೋಡಿದ್ದರೆ ಒಂದು ಗಳಿಗೆಯ ಕೆಲಸ. ಅತ್ತೆ ಇಳಿಸಿರಲಿಲ್ಲ. ಸೊಸೆ ಇಟ್ಟದ್ದನ್ನು ಇಟ್ಟಲ್ಲೇ ಬಿಟ್ಟಿದ್ದಳು.

ಎಲ್ಲೈತಿ ಹೇಳು, ನಾಳೆ ತಾಳಿಕೋಟಿಗೆ ಹೋಗೋರಿಗೆ ಹೇಳಿ ಕಳಸ್ತೇನಿ ಎಂದ ರಾಚಪ್ಪ. ಶಂಕ್ರೆವ್ವ ಆಗಲೇ ಟ್ರಂಕಿನ ಮುಂದೆ ಕೂತಿದ್ದಳು.

"ಬ್ಯಾರೇದವರು ಹೇಳಿದ್ರ ಅದು ಸಿಗೂದಿಲ್ಲ ಬಿಡಪ್ಪ. ನಾನ ಹೋಗಿ ತಗದು ಕೊಡ್ತೇನಿ" ಎಂದು ಕೌದಿಯನ್ನು ಮಡಚಿ ಎಲ್ಲಕ್ಕಿಂತ ಕೆಳಗೆ ಇಟ್ಟಳು.