ಎಡಗಡೆ ಕುರ್ಚಿಯ ಬಿಸಿಲು

“ಜಪಮಾಲೆ ಬಲಗೈಗೆ ಸುತ್ತೋದಾ, ಎಡಗೈಗಾ ರೆಜಿನಕ್ಕಾ?” ಪೂವಮ್ಮ ಶವಪೆಟ್ಟಿಗೆಯ ಮೇಲೆ ಬಾಗಿ ಕೇಳಿದಳು. ಎದುರು ಫ್ಲ್ಯಾಟಿನ ಕೊಡಗಿನವಳು. ಬೆಳಗಿನಿಂದ ಒಲೆ, ಬಾಗಿಲು, ಫೋನು ಎಲ್ಲ ಅವಳದೇ ಉಸ್ತುವಾರಿ.

“ಎರಡೂ ಕೈ ಸೇರಿಸಿ ಬಿಗಿಯಾಗಿ ಸುತ್ತು. ಇಲ್ಲದಿದ್ರೆ ಐದು ಗಂಟೆಗೆ ಎದ್ದು ಹೊರಟುಬಿಡ್ತಾರೆ,” ಎಂದರು ರೆಜಿನಮ್ಮ, ಪೆಟ್ಟಿಗೆಯಲ್ಲಿದ್ದ ಗಂಡ ಇನ್ನಾಸಪ್ಪನವರ ಮುಖ ನೋಡದೆ.

*

ಇನ್ನಾಸಪ್ಪನವರದು ಒಂದು ಪದ್ಧತಿ. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂತೆಂದರೆ ತಮಗೆ ಬಲು ಇಷ್ಟವಾದದ್ದನ್ನು ಬಿಡುವುದು, ಬಿಟ್ಟದ್ದನ್ನು ಇನ್ನೊಬ್ಬರಿಗೆ ಕೊಡುವುದು. ಒಂದು ವರ್ಷ ಮೀನು. ಅವರ ಪಾಲು ಗೇಟಿನ ಚೌಕೀದಾರನ ಮನೆ ಸೇರಿತು. ಇನ್ನೊಂದು ವರ್ಷ ರೇಡಿಯೊ. ಏನು, ಯಾರಿಗೆ ಅಂತ ಈಸ್ಟರ್‌ವರೆಗೆ ಬಾಯಿ ಬಿಡುವ ಜಾಯಮಾನವಲ್ಲ.

ಈ ಸಲ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ, ಸಂಜೆ ಐದಾದರೆ ಸಾಕು, ಚಪ್ಪಲಿ ಮೆಟ್ಟುತ್ತಿದ್ದರು. ಊರು ಬಿಟ್ಟು ಈ ಹಿಂದಿ ಸೀಮೆಯ ಜನಕಪುರಿಗೆ ಬಂದಂದಿನಿಂದ ಆ ಹೊತ್ತು ಬಾಲ್ಕನಿಯ ಎರಡು ಬೆತ್ತದ ಕುರ್ಚಿಗಳದು, ಎರಡು ಲೋಟ ಕಾಫಿಯದು.

“ನನ್ನ ಜೊತೆ ಕೂತು ಸಾಕಾಯ್ತಾ?”

“ಈಸ್ಟರಿಗೆ ಹೇಳ್ತೀನಿ ಕಣೇ.”

ರೆಜಿನಮ್ಮ ಮತ್ತೆ ಕೇಳಲಿಲ್ಲ. ಒಂದೇ ಲೋಟ ಕಾಫಿ ಮಾಡತೊಡಗಿದರು. ಈಸ್ಟರ್ ಇನ್ನೂ ದೂರವಿತ್ತು.

*

ಮಣ್ಣು ಮಾಡಿ ಬಂದ ಮೇಲೆ, ಹಿಂದಿನ ಬ್ಲಾಕಿನ ದೇವೇಂದ್ರಪ್ಪನವರನ್ನು ಸೊಸೆ ಹಂಸಿನಿ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಳು.

“ಲಕ್ವಾ ಹೊಡೆದ ಮೇಲೆ ಬಾಬೂಜಿಗೆ ಹಿಂದಿ, ಇಂಗ್ಲಿಷ್ ಸಬ್ ಹೋಯ್ತು ಆಂಟಿ. ಕನ್ನಡ ಒಂದೇ ಉಳೀತು. ಮನೇಲಿ ಯಾರಿಗೂ ಬರಲ್ಲ, ನಂದೂ ಟೂಟೀ ಫೂಟೀ, ಅರ್ಧಂಬರ್ಧ. ಅಂಕಲ್ ದಿನಾ ಐದು ಗಂಟೆಗೆ ಬಂದು ಮಾತಾಡ್ತಿದ್ರು.”

ರೆಜಿನಮ್ಮ ಗಾಲಿಕುರ್ಚಿಯ ಹತ್ತಿರ ಬಂದರು. “ಏನು ಮಾತಾಡ್ತಿದ್ರು?”

ದೇವೇಂದ್ರಪ್ಪನವರ ನಾಲಿಗೆ ತಡವರಿಸಿತು. “ನಿಮ್ದೇ ಮಾತಮ್ಮ. ‘ಈಗ ನಮ್ಮ ಬಾಲ್ಕನೀಲಿ ಎಡಗಡೆ ಕುರ್ಚಿಗೆ ಬಿಸಿಲು ಬಂದಿರುತ್ತೆ, ಅವಳು ಸೆರಗು ಅಡ್ಡ ಹಿಡ್ಕೊಂಡಿರ್ತಾಳೆ’ ಅನ್ನೋರು. ಮತ್ತೆ ಅದನ್ನ ಬಿಟ್ಟು ಇಲ್ಲಿಗ್ಯಾಕೆ ಬರ್ತೀಯಪ್ಪಾ ಅಂದೆ. ‘ತಪಸ್ಸುಕಾಲ ಅಲ್ವಾ’ ಅಂದ್ರು.”

ಕೆಳಗೆ ತರಕಾರಿ ಭಯ್ಯಾ ಕೂಗಿಕೊಂಡು ಹೋದ.

“ಪೂವಮ್ಮಾ, ಎರಡು ಲೋಟ ಕಾಫಿ ಇಡು,” ಎಂದರು ರೆಜಿನಮ್ಮ.

“ನಂದಕ್ಕೆ ಸಕ್ಕರೆ ಬೇಡ,” ಎಂದರು ದೇವೇಂದ್ರಪ್ಪ.

ರೆಜಿನಮ್ಮ ಬಾಲ್ಕನಿಗೆ ಹೋಗಿ ಬಲಗಡೆಯ ಬೆತ್ತದ ಕುರ್ಚಿಯನ್ನು ಎತ್ತಿ ಒಳಗಿಟ್ಟರು. ಗಾಲಿಕುರ್ಚಿಗೆ ಸರಿಯಾಗಿ ಜಾಗವಾಯಿತು. ಎಡಗಡೆಯದಕ್ಕೆ ಆಗಲೇ ಬಿಸಿಲು ಬಂದಿತ್ತು. ಅದರಲ್ಲಿ ಕೂತರು, ಸೆರಗು ಮಾತ್ರ ಅಡ್ಡ ಹಿಡಿಯಲಿಲ್ಲ.